ಸ್ಕೌಟ್ ದಳದ ಫಾರಂ ತುಂಬಿ ತುಂಬಿ ಸಾಕಾಗಿದೆ, ಬಿಟ್ಟುಬಿಡಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗನನ್ನು ಸ್ಕೌಟ್ ದಳಕ್ಕೆ ಸೇರಿಸಲು ಹೋಗಿ ನೀವೂ ಸ್ವಯಂಸೇವಕರಾದಿರಿ. ಒಂದೂವರೆ ವರ್ಷವಾಯಿತು. ಗಂಟು ಹಾಕುವುದು, ಟೆಂಟು ಕಟ್ಟುವುದು ಕಲಿಸೋಣ ಅಂತ ಬಂದವರು ಈಗ ರಾತ್ರಿ ಹನ್ನೊಂದರವರೆಗೆ ಕೂತು ಫಾರಂ ತುಂಬುತ್ತಿದ್ದೀರಿ. ಪೋಷಕರ ಒಪ್ಪಿಗೆ, ಆರೋಗ್ಯದ ಮಾಹಿತಿ, ಅಪಾಯಗಳ ಪಟ್ಟಿ, ತರಬೇತಿಯ ಸರ್ಟಿಫಿಕೇಟ್. ಒಂದೇ ರಾತ್ರಿಯ ಶಿಬಿರದ ಅರ್ಜಿ ಎರಡು ಸಲ ವಾಪಸ್ ಬಂದಿದೆ. ಇದೆಲ್ಲ ನಿಜಕ್ಕೂ ಬೇಕಾ, ಉಳಿದವರು ಹೇಗೆ ತಡೆದುಕೊಳ್ಳುತ್ತಾರೆ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ನಾನು ಈ ಕೆಲಸಕ್ಕೆ ಬಂದು 14 ವರ್ಷವಾಯಿತು. ಎರಡು ಸಲ ರಾಜೀನಾಮೆ ಬರೆದು ಹರಿದುಹಾಕಿದ್ದೇನೆ. ಹಾಗಾಗಿ ನಿಮ್ಮ ಬೇಸರ ನನಗೆ ಚೆನ್ನಾಗಿ ಗೊತ್ತು. ಈಗಲೇ ಬಿಡಬೇಡಿ. ಹಾಗಂತ ಸುಮ್ನೆ ಹೊಂದಿಕೊಂಡು ಹೋಗಿ ಅಂತಲೂ ನಾನು ಹೇಳುವುದಿಲ್ಲ. ನಿಮ್ಮ ಮೇಜಿನ ಮೇಲಿರುವ ಕಾಗದಗಳನ್ನು ಎರಡು ಗುಡ್ಡೆ ಮಾಡಿ. ಒಂದರಲ್ಲಿ ಮಗುವನ್ನು ಕಾಯುವ ಕಾಗದ, ಇನ್ನೊಂದರಲ್ಲಿ ಕಚೇರಿಯ ಕಪಾಟು ತುಂಬುವ ಕಾಗದ. ಮೊದಲ ಗುಡ್ಡೆಯಲ್ಲಿ ಒಂದಕ್ಷರವನ್ನೂ ಬಿಡಬೇಡಿ. ಎರಡನೆಯದರ ಬಗ್ಗೆ ಪ್ರಶ್ನೆ ಕೇಳಿ, ಬರಹದಲ್ಲಿ ಕೇಳಿ.

ಮೊದಲ ಗುಡ್ಡೆಯ ಬೆಲೆ ನನಗೆ ತಿಳಿದದ್ದು ನನ್ನ ಮೂರನೇ ವರ್ಷದ ಶಿಬಿರದಲ್ಲಿ. ಕ್ಯಾಂಪ್ ಫೈರ್ ಮುಗಿದಿತ್ತು. ಸೌದೆ ಹಸಿ ಇದ್ದದ್ದರಿಂದ ಹೊಗೆ ಜಾಸ್ತಿಯಾಗಿತ್ತು. ಮಕ್ಕಳು ಮಲಗಿದ ಮೇಲೆ ಒಬ್ಬ ಹುಡುಗ ಬಂದು, "ಅವನು ಒಂಥರಾ ಉಸಿರಾಡ್ತಿದ್ದಾನೆ" ಅಂದ. ಟೆಂಟಿನೊಳಗೆ ಹನ್ನೊಂದು ವರ್ಷದ ಹುಡುಗ ಎದ್ದು ಕೂತಿದ್ದ. ಭುಜ ಎರಡೂ ಮೇಲೆ ಕೆಳಗೆ ಆಗುತ್ತಿತ್ತು. ಮಾತು ಆಡಲು ಆಗುತ್ತಿರಲಿಲ್ಲ. ನನ್ನ ಜೊತೆಗಿದ್ದ ನಾಯಕಿ ಪ್ರಥಮ ಚಿಕಿತ್ಸೆ ಡಬ್ಬಿಯಿಂದ ಅವನ ಆರೋಗ್ಯದ ಫಾರಂ ತೆಗೆದು ಟಾರ್ಚ್ ಹಿಡಿದರು. ಮುದ್ರಿತ ಪ್ರಶ್ನೆಗಳಿಗೆಲ್ಲ "ಇಲ್ಲ" ಅಂತ ಗುರುತು ಇತ್ತು. ಕೆಳಗಿನ ಖಾಲಿ ಜಾಗದಲ್ಲಿ ಮಾತ್ರ ಅವನ ತಾಯಿ ಪೆನ್ನಿನಲ್ಲಿ ಬರೆದಿದ್ದರು: ಹೊಗೆ ಕುಡಿದರೆ ಉಬ್ಬಸ ಬರುತ್ತದೆ, ನೀಲಿ ಇನ್ಹೇಲರ್ ಪಂಪ್ ಬ್ಯಾಗಿನ ಎಡಗಡೆ ಜೇಬಿನಲ್ಲಿದೆ. ಎಡಗಡೆ ಜೇಬಿನಲ್ಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಅವನ ಉಸಿರು ಸಲೀಸಾಯಿತು. ಆದರೂ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಆ ಫಾರಂ ತರಲು ನಾನು ಅವನ ತಾಯಿಗೆ ನಾಲ್ಕು ಸಲ ಫೋನ್ ಮಾಡಿದ್ದೆ. ನಾಲ್ಕನೇ ಸಲ ಮಾಡುವಾಗ ಸಂಕೋಚವಾಗಿತ್ತು, ಇವರಿಗೆ ಯಾಕೆ ಇಷ್ಟು ಕಾಟ ಕೊಡುತ್ತಿದ್ದೇನೆ ಅಂತ. ಈಗ ಸಂಕೋಚ ಇಲ್ಲ. ಆ ಫಾರಂಗಳು ಇರಬೇಕಾದದ್ದು ಶಿಬಿರದಲ್ಲಿ, ಕೈಗೆ ಸಿಗುವ ಜಾಗದಲ್ಲಿ. ಕಚೇರಿಗೆ ಕಳಿಸಿ ಪ್ರತಿ ಇಟ್ಟುಕೊಳ್ಳದಿದ್ದರೆ ರಾತ್ರಿ ಹೊತ್ತು ಅದು ಇದ್ದೂ ಇಲ್ಲದ ಹಾಗೆ. ಶಿಬಿರ ಮುಗಿದ ಮೇಲೆ ಅದು ಎಲ್ಲೆಲ್ಲೋ ಬಿದ್ದಿರಬಾರದು. ನಿಮ್ಮ ಸಂಸ್ಥೆ ಎಷ್ಟು ದಿನ ಇಡಬೇಕು ಅನ್ನುತ್ತದೋ ಅಷ್ಟು ದಿನ ಬೀಗ ಹಾಕಿ ಇಟ್ಟು, ಆಮೇಲೆ ಹರಿದುಹಾಕಿ. ಅದು ಮಗುವಿನ ಖಾಸಗಿ ವಿಷಯ.

ನಿಯಮಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡಿದರೆ ಸಿಟ್ಟು ಅರ್ಧ ಇಳಿಯುತ್ತದೆ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗ ಇದ್ದದ್ದು ಇಪ್ಪತ್ತರ ಆಸುಪಾಸು ಹುಡುಗರು, ನಾಲ್ಕು ಪಟ್ರೋಲ್, ಅಂದರೆ ಸಣ್ಣ ತಂಡ. ಐದೇ ವರ್ಷದಲ್ಲಿ, 1912ರ ಆಗಸ್ಟ್ 4ರಂದು, ಲಂಡನ್ನಿನ ವಾಲ್‌ವರ್ತ್ ದಳ ಶಿಬಿರಕ್ಕೆಂದು ದೋಣಿಯಲ್ಲಿ ಹೊರಟಿತ್ತು. ಲೇಸ್‌ಡೌನ್ ಹತ್ತಿರ ಬಿರುಗಾಳಿಗೆ ದೋಣಿ ಮಗುಚಿ ಒಂಬತ್ತು ಹುಡುಗರು ಹೋದರು. ಅವರ ಶವಗಳನ್ನು ಲಂಡನ್ನಿಗೆ ತರಲು ಯುದ್ಧನೌಕೆ ಕಳಿಸಿದ್ದರು. ಜೊತೆಗಿದ್ದ ದೊಡ್ಡವರು ಮಕ್ಕಳನ್ನು ಉಳಿಸಲು ನೀರಿನಲ್ಲಿ ಒದ್ದಾಡಿದ್ದರು. ಅವರೂ ನಮ್ಮ ಹಾಗೆ ಮಕ್ಕಳಿಗೆ ಒಂದು ಒಳ್ಳೆಯ ವಾರ ಕೊಡೋಣ ಅಂತ ಹೊರಟವರೇ. ನೀರಿನ ಚಟುವಟಿಕೆಯ ಫಾರಂನಲ್ಲಿ ಹವಾಮಾನ, ಲೈಫ್ ಜಾಕೆಟ್, ಈಜು ಅಂತ ಕಾಲಂ ನೋಡಿದಾಗಲೆಲ್ಲ ನನಗೆ ಆ ದೋಣಿ ನೆನಪಾಗುತ್ತದೆ.

ಇನ್ನೊಂದು ಕಥೆ ಇದಕ್ಕಿಂತ ಕಹಿ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಆರೋಪವಿದ್ದ ದೊಡ್ಡವರ ಹೆಸರುಗಳನ್ನು 1920ರ ದಶಕದಿಂದಲೇ ಕಡತದಲ್ಲಿ ಬರೆದಿಡುತ್ತಿತ್ತು. 2012ರಲ್ಲಿ ಕೋರ್ಟ್ ಆದೇಶದ ಮೇಲೆ 1,200ಕ್ಕೂ ಹೆಚ್ಚು ಕಡತಗಳು ಹೊರಗೆ ಬಂದವು. ಎಷ್ಟೋ ಪ್ರಕರಣಗಳು ಪೊಲೀಸರ ತನಕ ಹೋಗಿರಲೇ ಇಲ್ಲ. 2020ರಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು, 82,000ಕ್ಕೂ ಹೆಚ್ಚು ಜನ ಪರಿಹಾರ ಕೇಳಿ ಬಂದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ. ಕಡತ ಅಚ್ಚುಕಟ್ಟಾಗಿತ್ತು. ಅದನ್ನು ಮಗುವಿಗಾಗಿ ತೆರೆಯಲಿಲ್ಲ, ಅಷ್ಟೇ. ಆದ್ದರಿಂದ ಫಾರಂ ತುಂಬಿದ ಮಾತ್ರಕ್ಕೆ ಮಗು ಸುರಕ್ಷಿತ ಅಂತ ನಾನು ನಂಬುವುದಿಲ್ಲ. ಫಾರಂ ಬೇಡ ಅಂತಲೂ ನಂಬುವುದಿಲ್ಲ.

ಯಾವ ಮಗುವಿನ ಜೊತೆಗೂ ಒಬ್ಬರೇ ದೊಡ್ಡವರು, ಯಾರಿಗೂ ಕಾಣದ ಕಡೆ ಇರಬಾರದು ಅನ್ನುವ ನಿಯಮಕ್ಕೆ ನನ್ನ ಹತ್ತಿರ ವಿನಾಯಿತಿಯೇ ಇಲ್ಲ. ಎರಡನೆಯವರು ಬರಲಿಲ್ಲ ಅಂದರೆ ಚಟುವಟಿಕೆ ರದ್ದು. ಒಮ್ಮೆ ಬೆಳಿಗ್ಗೆ ಆರಕ್ಕೆ ಬೂಟು ಹಾಕಿಕೊಂಡು ನಿಂತಿದ್ದ ಒಂಬತ್ತು ಮಕ್ಕಳನ್ನು ಮನೆಗೆ ಕಳಿಸಿದ್ದೇನೆ. ಒಬ್ಬಳು ಅತ್ತಳು. ಆ ದಿನವಿಡೀ ಮನಸ್ಸಿಗೆ ಕಷ್ಟವಾಗಿತ್ತು. ಆದರೂ ಇವತ್ತು ಅದೇ ಪರಿಸ್ಥಿತಿ ಬಂದರೆ ಅದನ್ನೇ ಮಾಡುತ್ತೇನೆ. ನಿಯಮ ಇರುವುದು ನಿಮ್ಮ ಮೇಲಿನ ಅನುಮಾನಕ್ಕಲ್ಲ. ಒಳ್ಳೆಯವರೆಲ್ಲ ಪಾಲಿಸಿದರೆ, ಪಾಲಿಸದವರು ಎದ್ದು ಕಾಣುತ್ತಾರೆ. ಮಕ್ಕಳಿಗೂ ಯಾವುದು ಸರಿ ಇಲ್ಲ ಅಂತ ಗೊತ್ತಾಗುತ್ತದೆ. ವಾಟ್ಸಾಪ್‌ಗೂ ಇದೇ ಮಾತು. ಮಕ್ಕಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಬೇಡಿ, ಗುಂಪಿನಲ್ಲಿ ಇನ್ನೊಬ್ಬ ನಾಯಕರೋ ಪೋಷಕರೋ ಇರಲಿ.

ಈಗ ಎರಡನೇ ಗುಡ್ಡೆ. ಇಲ್ಲಿ ನನ್ನ ಅನುಭವ ಏನೆಂದರೆ, "ನಿಯಮ" ಅಂತ ನಮಗೆ ಹೇಳುವುದರಲ್ಲಿ ಎಷ್ಟೋ ನಿಯಮಗಳೇ ಅಲ್ಲ. ಯಾರೋ ಹಿರಿಯರು ಯಾವತ್ತೋ ಹೇಳಿದ್ದು, ಇನ್ನೊಬ್ಬರು ಅದಕ್ಕೆ ಸೇರಿಸಿದ್ದು, ಬಾಯಿಂದ ಬಾಯಿಗೆ ಬಂದಿದ್ದು. ಹನ್ನೆರಡು ವರ್ಷದೊಳಗಿನವರು ಚಾಕು ಮುಟ್ಟಲೇಬಾರದು ಅಂತ ನಮಗೆ ಹೇಳಿದ್ದರು. ನಾಲ್ಕು ವರ್ಷ ನಾವೇ ಹಗ್ಗ ಕತ್ತರಿಸಿ ಕೊಟ್ಟೆವು, ನಾವೇ ಕೋಲು ಸೀಳಿ ಕೊಟ್ಟೆವು. ಒಂದು ದಿನ ಕೂತು ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅಲ್ಲಿ ಇದ್ದದ್ದೇ ಬೇರೆ: ಮೊದಲು ಕಲಿಸಬೇಕು, ದೊಡ್ಡವರು ಪಕ್ಕದಲ್ಲಿ ಇರಬೇಕು, ಕೆಲಸ ಮುಗಿದ ಮೇಲೆ ಎಣಿಸಿ ವಾಪಸ್ ಇಡಬೇಕು. ನಾನು ಕಚೇರಿಗೆ ಎರಡು ಸಾಲಿನ ಪತ್ರ ಬರೆದೆ. ಚಾಕುವಿನ ನಿಷೇಧ ಯಾವ ಪುಟದಲ್ಲಿದೆ ದಯವಿಟ್ಟು ತಿಳಿಸಿ, ನಮ್ಮ ದಳದಲ್ಲಿ ತಪ್ಪಾಗಬಾರದು ಅಂತ. ಒಂಬತ್ತು ದಿನ ಬಿಟ್ಟು ಉತ್ತರ ಬಂತು, ಹಾಗೇನೂ ಇಲ್ಲ, ಮುಂದುವರಿಸಿ ಅಂತ. ಆ ಪತ್ರ ಇವತ್ತಿಗೂ ನನ್ನ ಫೈಲಿನ ಮೊದಲ ಹಾಳೆ.

ನಿಮ್ಮ ಅರ್ಜಿ ಎರಡು ಸಲ ಯಾಕೆ ವಾಪಸ್ ಬಂತು ಅಂತ ನೀವು ಬರೆದಿಲ್ಲ. ಕಾರಣ ಬಾಯಲ್ಲಿ ಹೇಳಿದ್ದರೆ, ವಿನಯದಿಂದ ಬರಹದಲ್ಲಿ ಕೇಳಿ. ಅಪಾಯದ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಅಂದರೆ ಅವರು ಹೇಳಿದ್ದು ಸರಿ ಇರಬಹುದು, ತಿದ್ದಿ ಕಳಿಸಿ. ಸಹಿ ಇರುವ ಜಾಗ ಸರಿ ಇಲ್ಲ, ಫಾರಂ ಹೋದ ವರ್ಷದ್ದು ಅನ್ನುವಂಥ ಕಾರಣವಾದರೆ, ಕಚೇರಿಯಲ್ಲಿ ಆ ಫಾರಂ ನೋಡುವವರು ಯಾರು ಅಂತ ತಿಳಿದುಕೊಂಡು ಅವರನ್ನೇ ಹೋಗಿ ಮಾತಾಡಿಸಿ. ಅವರೂ ಬಹಳ ಸಲ ನಮ್ಮ ಹಾಗೆ ಸಂಬಳವಿಲ್ಲದ ಸ್ವಯಂಸೇವಕರು, ತಮ್ಮ ಸಂಜೆ ಹೊತ್ತು ಕೊಟ್ಟು ನೂರು ಅರ್ಜಿ ನೋಡುವವರು. ನಮ್ಮಲ್ಲಿ ಹೀಗೆ ಒಬ್ಬರ ಹತ್ತಿರ ಕೂತು ಮಾತಾಡಿದ ಮೇಲೆ, ಒಂದೇ ಜಾಗಕ್ಕೆ ಪದೇ ಪದೇ ಹೋಗುವ ಶಿಬಿರಕ್ಕೆ ಹಳೇ ಪಟ್ಟಿಯನ್ನೇ ದಿನಾಂಕ ಹಾಕಿ, ಬದಲಾಗಿದ್ದನ್ನು ಮಾತ್ರ ಸೇರಿಸಿ ಕೊಟ್ಟರೆ ಸಾಕು ಅಂತಾಯಿತು. ನನ್ನ ಕೆಲಸ ಅರ್ಧ ಕಮ್ಮಿಯಾಯಿತು.

ಅಪಾಯದ ಪಟ್ಟಿಯ ಬಗ್ಗೆ ಒಂದು ಮಾತು, ಏಕೆಂದರೆ ನನಗೆ ಇದು ಬಹಳ ಇಷ್ಟದ ವಿಷಯ. ಅದನ್ನು ಮನೆಯಲ್ಲಿ ಕೂತು ಒಬ್ಬರೇ ಬರೆಯಬೇಡಿ. ಪಟ್ರೋಲ್ ಲೀಡರ್‌ಗಳನ್ನು ಕರೆದುಕೊಂಡು ಜಾಗ ಸುತ್ತಿ. ಹೋದ ಸಲ ನಾವು ಹಾಗೆ ಸುತ್ತುವಾಗ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎರಡು ಮರದ ನಡುವೆ ಒದ್ದೆ ಬಟ್ಟೆಗೆ ಕಟ್ಟಿದ್ದ ಹಗ್ಗದ ಮುಂದೆ ನಿಂತಳು. ನಾನು ಮುಂದೆ ಹೋಗಿದ್ದೆ. "ಸರ್, ಇದು ನಿಮಗೆ ಎದೆ ಹತ್ತಿರ ಬರುತ್ತೆ. ನಮಗೆ ಕುತ್ತಿಗೆಗೆ ಬರುತ್ತೆ. ರಾತ್ರಿ ಓಡಿದ್ರೆ ಕಾಣಲ್ಲ" ಅಂದಳು. ನಾನು ಬಗ್ಗಿ ಅವಳ ಎತ್ತರದಿಂದ ನೋಡಿದೆ. ಹಸಿರು ನೈಲಾನ್ ಹಗ್ಗ ಎಲೆಗಳ ನಡುವೆ ಹಗಲಲ್ಲೇ ಸರಿಯಾಗಿ ಕಾಣುತ್ತಿರಲಿಲ್ಲ. ಮಕ್ಕಳೇ ಬಿಳಿ ಬಟ್ಟೆ ಚೂರುಗಳನ್ನು ಗೇಣಿಗೊಂದರಂತೆ ಕಟ್ಟಿದರು. ಪಟ್ಟಿಯಲ್ಲಿ ಆ ಸಾಲನ್ನು ಅವಳ ಕೈಯಲ್ಲೇ ಬರೆಸಿದೆ. ಸ್ಕೌಟಿಂಗ್ ಅಂದರೆ ಇದೇ ಅಲ್ವಾ? ಮಕ್ಕಳು ಜಾಗ ನೋಡಿ ಯೋಚಿಸುವುದನ್ನು ಕಲಿಯಲಿ ಅಂತಲೇ ನಾವು ಅವರನ್ನು ಹೊರಗೆ ಕರೆದುಕೊಂಡು ಹೋಗುವುದು. ನೀವು ಫಾರಂ ಅಂತ ಬೈಯುತ್ತಿರುವ ಕೆಲಸದಲ್ಲಿ ಒಂದು ಭಾಗ ಮಕ್ಕಳ ಚಟುವಟಿಕೆಯೇ ಆಗಬಹುದು.

ಇನ್ನು ಉಳಿದ ಬರವಣಿಗೆ ಕೆಲಸವನ್ನು ನೀವೊಬ್ಬರೇ ಹೊರಬೇಡಿ. ಪೋಷಕರಲ್ಲಿ ಕಾಡಿಗೆ ಬರಲು ಇಷ್ಟವಿಲ್ಲದ, ಆದರೆ ಲೆಕ್ಕಪತ್ರದಲ್ಲಿ ಗಟ್ಟಿ ಇರುವ ಒಬ್ಬರು ಇದ್ದೇ ಇರುತ್ತಾರೆ. "ಯಾರಾದರೂ ಸಹಾಯ ಮಾಡಿ" ಅಂತ ಗುಂಪಿಗೆ ಹೇಳಿದರೆ ಯಾರೂ ಬರುವುದಿಲ್ಲ. ಒಬ್ಬರ ಹೆಸರು ಹಿಡಿದು, ಒಂದೇ ಕೆಲಸ ಹೇಳಿ, ಯಾವಾಗ ಮುಗಿಯುತ್ತದೆ ಅಂತಲೂ ಹೇಳಿ: "ಈ ಶಿಬಿರದ ಒಪ್ಪಿಗೆ ಪತ್ರಗಳನ್ನು ಮಾತ್ರ ನೀವು ಸೇರಿಸಿ ಕೊಡ್ತೀರಾ?" ನಮ್ಮ ದಳದಲ್ಲಿ ಹೀಗೆ ಬಂದ ತಾಯಿಯೊಬ್ಬರು ಆರು ವರ್ಷದಿಂದ ಎಲ್ಲ ಫಾರಂ ನೋಡಿಕೊಳ್ಳುತ್ತಿದ್ದಾರೆ. ಅವರ ಮಗಳು ದಳ ಬಿಟ್ಟು ಮೂರು ವರ್ಷವಾಯಿತು.

ತರಬೇತಿ ಬೋರಾಗುತ್ತದೆ ಅಂದಿದ್ದೀರಿ. ಕೆಲವು ಆಗುತ್ತವೆ, ಹೌದು. ಪ್ರಥಮ ಚಿಕಿತ್ಸೆ ಮತ್ತು ಮಕ್ಕಳ ಸುರಕ್ಷತೆ, ಇವೆರಡನ್ನು ಮಾತ್ರ ಮನಸ್ಸಿಟ್ಟು ಮಾಡಿ. ಉಳಿದದ್ದು ನಿಧಾನವಾಗಿ ಮಾಡಿದರೂ ನಡೆಯುತ್ತದೆ, ಗಡುವು ಮೀರದಿದ್ದರೆ ಸಾಕು.

ಬಿಡುವ ವಿಷಯ. ಮುಂದಿನ ಒಂದು ಶಿಬಿರ ಹೀಗೆ ಮಾಡಿ ನೋಡಿ: ಒಪ್ಪಿಗೆ ಪತ್ರ ಒಬ್ಬ ಪೋಷಕರಿಗೆ, ಅಪಾಯದ ಪಟ್ಟಿ ಮಕ್ಕಳ ಜೊತೆಗೆ, ಆರೋಗ್ಯದ ಫಾರಂ ಮಾತ್ರ ನಿಮ್ಮ ಕೈಯಲ್ಲಿ. ಅದಾದ ಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಮೂರು ತಿಂಗಳು ಮೊದಲೇ ಹೇಳಿ. ಫೈಲನ್ನು ಇನ್ನೊಬ್ಬರ ಜೊತೆ ಕೂತು ಒಂದೊಂದೇ ಹಾಳೆ ತೋರಿಸಿ ಒಪ್ಪಿಸಿ. ಯಾವ ಹುಡುಗನ ಪಂಪ್ ಯಾವ ಜೇಬಿನಲ್ಲಿರುತ್ತದೆ ಅಂತಲೂ ಹೇಳಿ ಹೋಗಿ.