ಹಾರುತ್ತಿರುವ ವಿಮಾನದಲ್ಲಿ ಮಾಸ್ಕ್ ಕೆಳಗೆ ಬಿದ್ದರೆ 12 ನಿಮಿಷದ ಆಮ್ಲಜನಕ ಸಾಕಾ?

ಸಾಕು. ಕುಂಬಳೆಯಿಂದ ಹೋಗಿ ಮಂಗಳೂರಿನಲ್ಲಿ ದುಬೈ ವಿಮಾನ ಹತ್ತುವ ನಿಮ್ಮ ಅಮ್ಮನಿಗೂ ಹಾಗೇ ಹೇಳಿ. ಆ 12 ನಿಮಿಷ ಇರುವುದು ದುಬೈ ಮುಟ್ಟಲಿಕ್ಕಲ್ಲ, ಮಾಸ್ಕ್ ಇಲ್ಲದೆಯೂ ಉಸಿರಾಡಬಹುದಾದ 10,000 ಅಡಿಗೆ ಇಳಿಯಲಿಕ್ಕೆ.

ವಿಮಾನ 35,000 ಅಡಿಯಲ್ಲಿದ್ದರೂ ಒಳಗಿನ ಗಾಳಿ ಹೆಚ್ಚೆಂದರೆ 8,000 ಅಡಿಯದ್ದು, ಅಂದರೆ ಊಟಿ ಪೇಟೆಗಿಂತ ತುಸು ಮೇಲಿನದ್ದು. ಇಂಜಿನ್ ಕಡೆಯಿಂದ ಗಾಳಿ ಬರುತ್ತಲೇ ಇರುತ್ತದೆ, ಹಿಂಬದಿಯ ಔಟ್‌ಫ್ಲೋ ವಾಲ್ವ್ ಅದನ್ನು ಅಳತೆಯಲ್ಲಿ ಹೊರಬಿಡುತ್ತದೆ. ಬರುವುದು ನಿಂತರೆ, ವಾಲ್ವ್ ತೆರೆದೇ ಉಳಿದರೆ ಅಥವಾ ಎಲ್ಲಾದರೂ ಸೋರಿದರೆ ಸಮಸ್ಯೆ.

ಬೋಯಿಂಗ್ 737ರಲ್ಲಿ ಒಳಗಿನ ಗಾಳಿ 10,000 ಅಡಿಯಷ್ಟು ತೆಳುವಾದರೆ ಹಾರ್ನ್ ಬಿಟ್ಟುಬಿಟ್ಟು ಕೂಗುತ್ತದೆ. ಪೈಲಟ್‌ಗಳಿಬ್ಬರೂ ಮೊದಲು ಮಾಸ್ಕ್ ಹಾಕಿ ರೆಗ್ಯುಲೇಟರ್ 100%ಕ್ಕೆ, ಅಂದರೆ ಬರೀ ಆಮ್ಲಜನಕಕ್ಕೆ, ಇಡಬೇಕು. ಕಾರಣ ಹುಡುಕುವುದೆಲ್ಲ ಆಮೇಲೆ. 35,000 ಅಡಿಯಲ್ಲಿ ಬುದ್ಧಿ ನೆಟ್ಟಗಿರುವುದು 30ರಿಂದ 60 ಸೆಕೆಂಡ್ ಮಾತ್ರ. ಮಾಸ್ಕ್ ಮೈಕ್‌ನಲ್ಲಿ ಪರಸ್ಪರ ಕೇಳುತ್ತದೆಯೇ ನೋಡಿ, ಒಳಗಿನ ಗಾಳಿಯ ಒತ್ತಡ ನೋಡಿಕೊಳ್ಳುವ ಸೆಲೆಕ್ಟರನ್ನು ಆಟೋದಿಂದ ಮ್ಯಾನುವಲ್‌ಗೆ ತಿರುಗಿಸಿ, ವಾಲ್ವ್ ಪೂರ್ತಿ ಮುಚ್ಚುವವರೆಗೆ ಸ್ವಿಚ್ ಹಿಡಿದುಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಪ್ರಯಾಣಿಕರ ಆಕ್ಸಿಜನ್ ಸ್ವಿಚ್ ಒತ್ತಿ ತುರ್ತು ಇಳಿಕೆ: ಇಂಜಿನ್‌ನ ಥ್ರಸ್ಟ್ (ತಳ್ಳುವ ಬಲ) ಪೂರ್ತಿ ಕಡಿಮೆ, ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಹಲಗೆಗಳು ಮೇಲೆ, ನೆಲದ ರಾಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700. ವಿಮಾನದ ಮೈಗೆ ಪೆಟ್ಟಾಗಿದೆ ಎಂಬ ಸಂಶಯವಿದ್ದರೆ ವೇಗ ಏರಿಸುವಂತಿಲ್ಲ.

ಅರಬ್ಬಿ ಸಮುದ್ರದ ಮೇಲೆ 10,000 ಅಡಿಗೆ ನೇರ ಇಳಿಯಬಹುದು. ಗುಡ್ಡದ ಮೇಲಾದರೆ ಸುರಕ್ಷಿತ ಕನಿಷ್ಠ ಎತ್ತರ ನೋಡಬೇಕು; ಕೇರಳದ 8,842 ಅಡಿಯ ಆನಮುಡಿ ಬೆಟ್ಟದ ಮೇಲೆ 10,000 ಸಾಲದು.

ನನ್ನ ಲೆಕ್ಕದಲ್ಲಿ ಢಂ ಎಂದು ಒಡೆಯುವುದಕ್ಕಿಂತ ಮೆಲ್ಲ ಸೋರುವುದೇ ಅಪಾಯ. ಸದ್ದು ಕೇಳಿದರೆ ಎಲ್ಲರೂ ಎಚ್ಚರಾಗುತ್ತಾರೆ, ಆಮ್ಲಜನಕ ಕಡಿಮೆಯಾದವನಿಗೆ ಮಾತ್ರ ತನಗೇನೂ ಆಗಿಲ್ಲ ಎಂದೇ ಅನಿಸುತ್ತದೆ. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಹೀಲಿಯೋಸ್ ಕಂಪನಿಯ 522ನೇ ವಿಮಾನದಲ್ಲಿ (ಅದೂ 737) ಸೆಲೆಕ್ಟರ್ ಮೊದಲಿನಿಂದ ಮ್ಯಾನುವಲ್‌ನಲ್ಲೇ ಉಳಿದಿತ್ತು, ಹಾಗಾಗಿ ವಾಲ್ವ್ ತಾನಾಗಿ ಮುಚ್ಚಲಿಲ್ಲ. ನೆಲದಲ್ಲಿ ಅದೇ ಹಾರ್ನ್ ಟೇಕಾಫ್ ತಯಾರಿ ಸರಿಯಿಲ್ಲ ಎಂದು ಕೂಗುವಂಥದ್ದು. ಪೈಲಟ್‌ಗಳು ಹಾಗೇ ತಿಳಿದರು. 121 ಜನ ಹೋದರು.

ಇನ್ನು ಅಮ್ಮನ ವಿಷಯ. ಒಳಗಿನ ಗಾಳಿ 14,000 ಅಡಿಯ ಮಟ್ಟಕ್ಕೆ ಹೋದಾಗ ಮಾಸ್ಕ್ ತಾನಾಗಿ ಬೀಳುತ್ತದೆ. ಬರೇ ಮೂಗಿಗೆ ಹಿಡಿದರೆ ಸಾಲದು, ಗಟ್ಟಿಯಾಗಿ ಎಳೆಯಬೇಕು. ಎಳೆದಾಗ ಪಿನ್ ಕಳಚಿ ಮೇಲಿನ ಡಬ್ಬಿಯಲ್ಲಿ ರಾಸಾಯನಿಕ ಉರಿಯಲು ಶುರುವಾಗುತ್ತದೆ, ಆಮ್ಲಜನಕ ಬರುವುದು ಅದರಿಂದ. ಸುಟ್ಟ ವಾಸನೆ ಬಂದರೆ ಬೆಂಕಿ ಎಂದು ಗಾಬರಿಯಾಗುವುದು ಬೇಡ. ಚೀಲ ಉಬ್ಬದಿದ್ದರೂ ಗಾಳಿ ಬರುತ್ತಿರುತ್ತದೆ. ಉಬ್ಬಲಿಲ್ಲವೆಂದು ಮಾಸ್ಕ್ ತೆಗೆಯುವುದೇ ದೊಡ್ಡ ತಪ್ಪು. ಪಕ್ಕದಲ್ಲಿ ಮೊಮ್ಮಗು ಇದ್ದರೂ ಮೊದಲು ತನಗೆ, ಆಮೇಲೆ ಮಗುವಿಗೆ. ಇಳಿಯುವಾಗ ಕಿವಿ ನೋಯುತ್ತದೆ, ಎಂಜಲು ನುಂಗುತ್ತಾ ಇರಲಿ. 10,000 ಅಡಿಯಲ್ಲಿ ಇಂಧನ ಜಾಸ್ತಿ ಖರ್ಚಾಗುವುದರಿಂದ ವಿಮಾನ ದುಬೈ ಬಿಟ್ಟು ಬೇರೆಲ್ಲಾದರೂ ಇಳಿದೀತು, ಅದಕ್ಕೆ ಬಿ.ಪಿ. ಮಾತ್ರೆ ಕೈಚೀಲದಲ್ಲೇ ಇರಲಿ.