ಕೆಳದವಡೆಯನ್ನು ಮೊದಲು ಸರಿಸುವುದು ತಪ್ಪು ಕ್ರಮವೇ?

ಗದಗಿನ ಮಾನ್ಯರೇ,

ಕೆಳದವಡೆ ಮುಂಚಾಚಿರುವ ತಮ್ಮ ಮಗಳಿಗೆ ಎರಡೂ ದವಡೆಗಳ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದ್ದು, ಹುಬ್ಬಳ್ಳಿಯ ವೈದ್ಯರು ಮೇಲ್ದವಡೆಯನ್ನು ಮೊದಲು ಸರಿಸುವುದಾಗಿಯೂ ಧಾರವಾಡದವರು ಕೆಳದವಡೆಯನ್ನು ಮೊದಲು ಸರಿಸುವುದಾಗಿಯೂ ಹೇಳಿದ್ದಾರೆಂದು, ಯಾವುದು ಸರಿಯೆಂದು ಕೇಳಿದ್ದೀರಿ. ಎರಡೂ ಕ್ರಮಗಳು ರೂಢಿಯಲ್ಲಿವೆ.

ಕತ್ತರಿಸಿದ ಮೂಳೆಯನ್ನು ತಂತಿಯಿಂದ ಕಟ್ಟುತ್ತಿದ್ದ ಕಾಲದಲ್ಲಿ ಕೆಳದವಡೆ ಗಟ್ಟಿಯಾಗಿ ನಿಲ್ಲದ ಕಾರಣ ಮೇಲ್ದವಡೆಯಿಂದಲೇ ಆರಂಭಿಸುತ್ತಿದ್ದರು. ಟೈಟೇನಿಯಂ ಪ್ಲೇಟು, ಸ್ಕ್ರೂಗಳು ಬಂದ ಮೇಲೆ ಆ ಅಡ್ಡಿ ಬಹುಮಟ್ಟಿಗೆ ತೊಲಗಿತು. ಮೇಲ್ದವಡೆಯನ್ನು ಮೊದಲು ಸರಿಸುವಾಗ ಅದರ ಹೊಸ ಸ್ಥಾನವನ್ನು ಇನ್ನೂ ಕತ್ತರಿಸದ ಕೆಳದವಡೆಯ ಆಧಾರದಿಂದಲೇ ನಿರ್ಧರಿಸುವುದರಿಂದ, ಎಚ್ಚರವಿದ್ದಾಗ ದಾಖಲಿಸಿದ ಹಲ್ಲುಗಳ ಹೊಂದಿಕೆಯು ಅರಿವಳಿಕೆಯಲ್ಲಿ ಸ್ನಾಯುಗಳು ಸಡಿಲಗೊಂಡಾಗ ಬೇರೆಯಾದರೆ, ಆ ವ್ಯತ್ಯಾಸ ನೇರವಾಗಿ ಮೇಲ್ದವಡೆಗೆ ದಾಟುತ್ತದೆ. ಆ ದಾಖಲೆಯ ಮೇಲೆ ಭರವಸೆ ಸಾಲದಿದ್ದಾಗ, ಅಥವಾ ಮೇಲ್ದವಡೆಯನ್ನು ತುಂಡುಗಳಾಗಿ ವಿಭಜಿಸಬೇಕಾದಾಗ, ಕೆಳದವಡೆಯಿಂದ ಆರಂಭಿಸುವುದು ಅನುಕೂಲ. ಆದರೆ ಕೆಳದವಡೆ ಅನಿರೀಕ್ಷಿತವಾಗಿ ಸೀಳಿ, ಭದ್ರವಾಗಿ ಜೋಡಿಸಲಾಗದೆ ಹೋದರೆ ಮುಂದಿನ ಹಂತಕ್ಕೆ ಆಧಾರವೇ ತಪ್ಪುತ್ತದೆ.

ಎರಡು ಹಂತಗಳ ನಡುವೆ, ಮೊದಲು ಸರಿಸಿದ ದವಡೆಯ ಹೊಸ ಸ್ಥಾನವನ್ನು ಹಿಡಿದಿಡಲು ಹಲ್ಲುಗಳ ಮಧ್ಯೆ ಇಡುವ ಅಚ್ಚು, ಅಂದರೆ ಸ್ಪ್ಲಿಂಟು, ಸಾಮಾನ್ಯವಾಗಿ ಒಂದೇ ಕ್ರಮಕ್ಕೆ ಹೊಂದುವಂತೆ ಮುಂಚೆಯೇ ಸಿದ್ಧವಾಗುತ್ತದೆ, ಆದ್ದರಿಂದ ಆ ದಿನ ಕ್ರಮವನ್ನು ಬದಲಿಸುವುದು ಸುಲಭವಲ್ಲ. ನನ್ನ ಅಭಿಪ್ರಾಯದಲ್ಲಿ, ತಮ್ಮ ಮಗಳ ವಿಷಯದಲ್ಲಿ ಆ ಕ್ರಮಕ್ಕೆ ಕಾರಣವೇನು ಎಂಬುದನ್ನು, ಹಲ್ಲಿಗೆ ಕ್ಲಿಪ್ ಹಾಕುವ ವೈದ್ಯರೂ ಜೊತೆಗಿರುವಾಗ, ಸ್ಪ್ಲಿಂಟು ತಯಾರಾಗುವ ಮೊದಲೇ ಕೇಳಿರಿ. ಅಂದಹಾಗೆ, ಶಸ್ತ್ರಚಿಕಿತ್ಸೆಗೆ ಮುನ್ನ ಕ್ಲಿಪ್ ಹಾಕಿದಾಗ ಕೆಳದವಡೆ ಇನ್ನಷ್ಟು ಮುಂದೆ ಬಂದಂತೆ ಕಾಣುವುದು ಸಹಜ. ಅದಕ್ಕೆ ಹೆದರಿ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿರಿ.