ಹಾಡು ಹುಟ್ಟುವ ಮೊದಲೇ ದುಡ್ಡು ಕೊಟ್ಟವರು

ನಿಮ್ಮ ಪ್ರಶ್ನೆ: ಇನ್ನೂ ಬರೆಯದ ಹಾಡುಗಳಿಗೆ ಅಭಿಮಾನಿಗಳಿಂದ ಮೊದಲೇ ಹಣ ಪಡೆದು ಆಲ್ಬಮ್ ಮಾಡಿದ ಹಳೆಯ ರಾಕ್ ಬ್ಯಾಂಡ್ ನಿಜವಾಗಿಯೂ ಇದೆಯಾ? ಜನ ಯಾಕೆ ಕೊಟ್ಟರು?

ಇದೆ. ಇಂಗ್ಲೆಂಡಿನ ಮ್ಯಾರಿಲಿಯನ್. ಕಾಲೇಜಿನಲ್ಲಿ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್‌ನಿಂದ ನನಗೆ ಇವರ ಹುಚ್ಚು ಹತ್ತಿತು. ಹೆಚ್ಚಿನವರಿಗೆ ಇವತ್ತಿಗೂ ಗೊತ್ತಿರುವುದು 1985ರ 'ಕೇಲೀ' ಒಂದೇ. ಅದನ್ನು ಹಾಡಿದ ಫಿಶ್ 1988ರಲ್ಲಿ ಬಿಟ್ಟು ಹೋದರು, ಮರುವರ್ಷ ಅವರ ಜಾಗಕ್ಕೆ ಸ್ಟೀವ್ ಹೋಗಾರ್ತ್ ಬಂದರು. 1995ರ ಆಲ್ಬಮ್ ಆದ ಮೇಲೆ, ಇವರ ಆಲ್ಬಮ್‌ಗಳನ್ನು ಹೊರತರುತ್ತಿದ್ದ ಇಎಂಐ ಎಂಬ ಸಂಗೀತ ಕಂಪನಿ ಇವರನ್ನು ಕೈಬಿಟ್ಟಿತು. ಅಲ್ಲಿಗೆ ಮುಗಿಯಿತು ಅಂತ ಸುಮಾರು ಜನ ಅಂದುಕೊಂಡಿದ್ದರು.

1997ರಲ್ಲಿ ಕೀಬೋರ್ಡ್ ನುಡಿಸುವ ಮಾರ್ಕ್ ಕೆಲ್ಲಿ, ಕಾರ್ಯಕ್ರಮ ಕೊಡಲು ಅಮೆರಿಕಕ್ಕೆ ಬಂದರೆ ನಮಗೆ ನಷ್ಟ, ಹಾಗಾಗಿ ಬರೋದಿಲ್ಲ ಎಂದು ಅಭಿಮಾನಿಗಳಿಗೆ ಇಂಟರ್ನೆಟ್‌ನಲ್ಲಿ ತಿಳಿಸಿದರು. ಅಷ್ಟಕ್ಕೇ ಅಲ್ಲಿನ ಅಭಿಮಾನಿಗಳು ತಾವೇ ಒಂದು ಬ್ಯಾಂಕ್ ಖಾತೆ ತೆರೆದು ಸುಮಾರು 60,000 ಡಾಲರ್ ಸೇರಿಸಿಬಿಟ್ಟರು! ಬ್ಯಾಂಡ್ ಕೇಳಿರಲೇ ಇಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ವಿಷಯ ಇದೇ. ದುಡ್ಡು ಕೇಳುವ ಧೈರ್ಯ ಅವರಿಗೆ ಬಂದಿದ್ದು ಆಮೇಲೆ.

ಮುಂದಿನ ಆಲ್ಬಮ್ ಮಾಡುವ ಮೊದಲು ಅಭಿಮಾನಿಗಳಿಗೆ ಇಮೇಲ್ ಕಳಿಸಿ, ಈಗಲೇ ಕೊಳ್ಳುತ್ತೀರಾ ಎಂದು ಕೇಳಿದರು. 12,000ಕ್ಕೂ ಹೆಚ್ಚು ಜನ ಮುಂಗಡ ಕಟ್ಟಿದರು. ಹಾಗೆ ಬಂದದ್ದು 2001ರ 'ಅನೋರಾಕ್ನೋಫೋಬಿಯಾ'. (ಅನೋರಾಕ್ ಅಂದರೆ ಟೋಪಿ ಇರುವ ಜಾಕೆಟ್. ಒಂದೇ ವಿಷಯದ ಹಿಂದೆ ಬಿದ್ದವರನ್ನು ಬ್ರಿಟನ್ನಿನಲ್ಲಿ ಗೇಲಿ ಮಾಡುವ ಪದವೂ ಹೌದು. ಅಭಿಮಾನಿಗಳಿಗೆ ಸಿಟ್ಟು ಬರಲಿಲ್ಲ, ಖುಷಿಯೇ ಆಯಿತು.) ಜನರಿಂದ ಹೀಗೆ ಮೊದಲೇ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟ್ ಶುರುವಾಗಿದ್ದು 2009ರಲ್ಲಿ, ನೆನಪಿರಲಿ. ತಮಾಷೆ ಏನೆಂದರೆ, ಈ ಆಲ್ಬಮನ್ನು ಅಂಗಡಿಗಳಿಗೆ ತಲುಪಿಸಿದ್ದು ಅದೇ ಇಎಂಐ. ಆದರೆ ಈ ಸಲ ಹಕ್ಕು ಬ್ಯಾಂಡ್ ಕೈಯಲ್ಲೇ ಉಳಿಯಿತು.

2004ರ 'ಮಾರ್ಬಲ್ಸ್'ಗೂ ಹೀಗೇ. ಮುಂಗಡ ಕೊಟ್ಟವರ ಹೆಸರನ್ನೆಲ್ಲ ವಿಶೇಷ ಆವೃತ್ತಿಯ ಪುಸ್ತಕದಲ್ಲಿ ಅಚ್ಚು ಹಾಕಿದರು. ನಮ್ಮ ದೇವಸ್ಥಾನಗಳಲ್ಲಿ ಫ್ಯಾನಿನ ರೆಕ್ಕೆ ಮೇಲೂ ದಾನಿಯ ಹೆಸರು ಇರುತ್ತದಲ್ವಾ, ಹಾಗೆ! ಆದರೆ ಇದು ದಾನ ಅಲ್ಲ, ವ್ಯಾಪಾರವೇ. ಕೊಟ್ಟ ದುಡ್ಡಿಗೆ ಆಲ್ಬಮ್ ಕೈಗೆ ಬರುತ್ತದೆ. ಕಾಯಬೇಕು, ಅಷ್ಟೇ.

ಆ ಕಾಯುವಿಕೆ ಸಣ್ಣದಲ್ಲ. ಇವರು ಹೆಚ್ಚಾಗಿ ಐದೂ ಜನ ತಮ್ಮದೇ ಸ್ಟುಡಿಯೋದಲ್ಲಿ ಕೂತು ಸುಮ್ನೆ ನುಡಿಸುತ್ತಾ ಹೋಗುತ್ತಾರೆ. ಎಲ್ಲವೂ ರೆಕಾರ್ಡ್ ಆಗುತ್ತದೆ. ನಿರ್ಮಾಪಕ ಮೈಕ್ ಹಂಟರ್ ಆ ರಾಶಿಯಿಂದ ಒಳ್ಳೆಯ ತುಣುಕು ಆರಿಸುತ್ತಾರೆ. ಅದಕ್ಕೆ ಹೋಗಾರ್ತ್ ಸಾಲುಗಳನ್ನು ಕೂಡಿಸುತ್ತಾರೆ. 2016ರ ಆಲ್ಬಮ್ ಆದಮೇಲೆ ಪೂರ್ತಿ ಹೊಸ ಹಾಡುಗಳ ಆಲ್ಬಮ್ ಬಂದಿದ್ದು 2022ರಲ್ಲಿ. ಅದು ಬ್ರಿಟನ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಯಾವ ಕಂಪನಿ ಇಷ್ಟು ವರ್ಷ ತಾಳ್ಮೆಯಿಂದ ಕೂರುತ್ತದೆ ಹೇಳಿ?

ಜನ ಯಾಕೆ ಕೊಟ್ಟರು ಅಂದರೆ, ನನಗೆ ಅನಿಸುವುದು ಇಷ್ಟು: ಇವರು ಹತ್ತಾರು ವರ್ಷ ಅಭಿಮಾನಿಗಳ ಜೊತೆ ನೇರವಾಗಿ ಮಾತಾಡಿದರು. 2002ರಿಂದ ರೆಸಾರ್ಟ್‌ಗಳಲ್ಲಿ ವಾರಾಂತ್ಯದ ಮೇಳ ಮಾಡುತ್ತಾರೆ, ಬೇರೆ ಬೇರೆ ದೇಶಗಳಿಂದ ಜನ ಬರುತ್ತಾರೆ. ಆದರೆ ಹೊಸ ಬ್ಯಾಂಡ್‌ಗಳು ಇದನ್ನೇ ನಕಲು ಮಾಡಿದರೆ ನಡೆಯುವುದು ಕಷ್ಟ. ಇವರಿಗೆ ಮೊದಲ ಹೆಸರು ತಂದುಕೊಟ್ಟದ್ದು ಆ ಹಳೆಯ ಕಂಪನಿಯ ದುಡ್ಡೇ.

ಕೇಳಬೇಕು ಅನಿಸಿದರೆ 'ಮಾರ್ಬಲ್ಸ್'ನಿಂದ ಶುರು ಮಾಡಿ. ಮೊದಲ ಹಾಡೇ 13 ನಿಮಿಷಕ್ಕಿಂತ ಜಾಸ್ತಿ ಇದೆ, ಹೆದರಬೇಡಿ.